ಮಿಲ್ಟ್ರಿ ಮಾವ ಹೊಲಿದ ಎರಡು ಸೈನ್ಯ

ನಮ್ಮ ಸಿನಿಮಾದ ಯುದ್ಧದಲ್ಲಿ ಎರಡೂ ಕಡೆ ಸೇರಿ ಇದ್ದದ್ದು ಇಪ್ಪತ್ತೆರಡೇ ಜನ. ಬೆಳಿಗ್ಗೆ ಅವರು ಶತ್ರುಗಳಾಗಿ ಸಾಯುತ್ತಿದ್ದರು. ಮಧ್ಯಾಹ್ನ ಊಟ ಮುಗಿಸಿ, ಕೋಟು ಕಳಚಿ, ಒಳಮೈ ಹೊರಗೆ ಮಾಡಿ ಹಾಕಿಕೊಂಡು, ನಮ್ಮವರಾಗಿ ಬಂದು ಬೆಳಿಗ್ಗೆ ಸತ್ತ ತಮ್ಮನ್ನು ತಾವೇ ಕೊಲ್ಲುತ್ತಿದ್ದರು. ಇದನ್ನು ಹೇಳಿದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕು ಬೇಗ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ಆ ಕೋಟುಗಳನ್ನು ಹೊಲಿದವರು ಯಾರು ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ ನನಗೆ. ಇವತ್ತು ಯಾರೂ ಕೇಳದಿದ್ದರೂ ನಾನೇ ಹೇಳಲು ಕೂತಿದ್ದೇನೆ.

ಹೊಲಿದವನು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಹುಟ್ಟಿದವನು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನಿಗೂ ಗಡಿಯಾರ ರಿಪೇರಿಯವನಿಗೂ ನಡುವೆ ಅವನ ಟೈಲರ್ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲೇ ನಿಂತು ಅಳತೆ ಕೊಡಬೇಕು, ಅಷ್ಟೇ ಜಾಗ. ಸೀಮೆಸುಣ್ಣದ ಚೂರುಗಳನ್ನು ಸೋಪಿನ ಡಬ್ಬಿಯಲ್ಲಿಟ್ಟಿರುತ್ತಾನೆ. ಬಲಗಾಲು ಮೊಣಕಾಲಿನ ಹತ್ತಿರ ಮಡಚುವುದಿಲ್ಲ, ಹಾಗಾಗಿ ಮೆಷಿನ್ನು ತುಳಿಯುವುದೆಲ್ಲ ಎಡಗಾಲಲ್ಲೇ. ತುಳಿಯುವ ಹಲಗೆಯ ಎಡಭಾಗ ಸವೆದು ಹೊಳೆಯುತ್ತದೆ, ಬಲಭಾಗದಲ್ಲಿ ಮೊದಲಿನ ಬಣ್ಣ ಇನ್ನೂ ಹಾಗೇ ಇದೆ. ಅಳತೆ ಟೇಪು ಊಟಕ್ಕೆ ಕೂತಾಗಲೂ ಕೊರಳಲ್ಲೇ. "ಅದನ್ನ ತೆಗೆದಿಟ್ಟು ಉಣ್ಣಿ ರೀ, ತಟ್ಟೇನೂ ಅಳೀತೀರೇನು?" ಎಂದು ಅತ್ತೆ, ಅಂದರೆ ಅವನ ಹೆಂಡತಿ, ದಿನವೂ ಹೇಳುತ್ತಾಳೆ. ಅವನು ದಿನವೂ ಟೇಪನ್ನು ಮುಟ್ಟಿ ನೋಡಿಕೊಂಡು ಊಟ ಮುಂದುವರಿಸುತ್ತಾನೆ. ಮಾತು ಕಡಿಮೆ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡವನು ಎಷ್ಟು ತಾನೇ ಮಾತಾಡಿಯಾನು?

ಮನೆಮಂದಿಗೆಲ್ಲ ಅವನು ಮಿಲ್ಟ್ರಿ ಮಾವ. ಪ್ರಾಯದಲ್ಲಿ ಒಂಬತ್ತು ವರ್ಷ ಸೈನ್ಯದಲ್ಲಿದ್ದ. ಅವನಿದ್ದಾಗಲೇ ಯುದ್ಧ ಆಯಿತು. ಯುದ್ಧದ ನಡುವೆ ಅಜ್ಜನಿಗೆ ಅವನಿಂದ ಒಂದು ಕಾಗದ ಬಂತು. "ಕಾಲಿಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದೇನೆ, ಚಿಂತೆ ಬೇಡ." ಅಷ್ಟೇ ಇದ್ದದ್ದು. ಅಜ್ಜ ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದ. ಮೊದಲ ಮನೆಯಲ್ಲಿ ಓದುವಾಗ ಪೆಟ್ಟು ಪೆಟ್ಟೇ ಆಗಿತ್ತಂತೆ. ನಾಲ್ಕನೇ ಮನೆಗೆ ಬರುವ ಹೊತ್ತಿಗೆ ಅದು ಗುಂಡಾಗಿತ್ತು, ಬೀದಿಯ ತುದಿಯಲ್ಲಿ ಬಾಂಬು. ಮಾವ ಊರುಗೋಲಿನ ಮೇಲೆ ಬಸ್ಸಿನಿಂದ ಇಳಿದಾಗ ಅರ್ಧ ಊರು ನಿಲ್ದಾಣದಲ್ಲಿ ಕಾಯುತ್ತಿತ್ತು. ಅಜ್ಜ ಎಲ್ಲರೆದುರು ಮಗನನ್ನು ತಬ್ಬಿಕೊಂಡು ಅತ್ತನಂತೆ. ಮಾವ ಏನೂ ಹೇಳಲಿಲ್ಲ. ಆಮೇಲೆ ಮೂವತ್ತು ಚಿಲ್ಲರೆ ವರ್ಷವೂ ಏನೂ ಹೇಳಲಿಲ್ಲ.

ನಾನು ಆ ಕಾಲಿನ ಆಸರೆಯಲ್ಲೇ ಬೆಳೆದವನು. ಶಾಲೆಯಲ್ಲಿ ಲೆಕ್ಕದಲ್ಲಿ ಹಿಂದೆ, ಓಟದಲ್ಲಿ ಹಿಂದೆ, ಆದರೆ ಬಾಂಬು ಬಿದ್ದ ಮಾವ ಇನ್ಯಾರಿಗೂ ಇರಲಿಲ್ಲ. ಬಾಂಬು ಎಷ್ಟು ದೊಡ್ಡದಿತ್ತು ಎಂದು ಕೇಳಿದವರಿಗೆ ಕೈ ಅಗಲಿಸಿ ತೋರಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ನನ್ನ ಕೈ ಉದ್ದವಾದ ಹಾಗೆ ಬಾಂಬೂ ದೊಡ್ಡದಾಯಿತು.

ದೊಡ್ಡವನಾಗಿ ಮದುವೆಗಳ ವಿಡಿಯೋ ತೆಗೆಯುವವನಾದೆ. ಹದಿನೈದು ವರ್ಷ ಬೇರೆಯವರ ಮದುವೆಯಲ್ಲಿ ಬೆವರು ಸುರಿಸಿದ ಮೇಲೆ, ಒಂದಾದರೂ ನನ್ನದು ಎನ್ನುವ ಸಿನಿಮಾ ತೆಗೆಯಬೇಕು ಎಂಬ ಹುಚ್ಚು ಹಿಡಿಯಿತು. ಕೈಯಲ್ಲಿದ್ದ ದುಡ್ಡಿಗೆ ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುವ ಸಿನಿಮಾ ಆಗುತ್ತಿತ್ತು. ನನಗೆ ಯುದ್ಧದ್ದೇ ಬೇಕಿತ್ತು. ಗಾಯಗೊಂಡ ಸೈನಿಕನೊಬ್ಬ ಬಂಡೆಗಳ ನಡುವೆ ಸಿಕ್ಕಿಬಿದ್ದು ತನ್ನ ತುಕಡಿಯನ್ನು ಉಳಿಸುವ ಕಥೆ. ಅದು ಮಾವನ ಕಥೆ ಎಂದು ಎಲ್ಲರಿಗೂ ಹೇಳಿಕೊಂಡೆ. ಮಾವನನ್ನು ಒಂದು ಮಾತು ಕೇಳಿದೆನೇ? ಇಲ್ಲ. ನನಗೆ ಗೊತ್ತಿತ್ತಲ್ಲ, ಕೇಳುವುದೇನು! ಬಡಾವಣೆ ಸಂಘದ ಅಧ್ಯಕ್ಷರೆದುರು ಎದೆಯುಬ್ಬಿಸಿ ನಿಂತು, "ಸಿನಿಮಾದ ಮೊದಲಿಗೇ ಒಂದು ಬರಹ ಹಾಕ್ತೀನಿ ಸರ್, ರಣರಂಗದಲ್ಲಿ ಗಾಯಗೊಂಡ ನನ್ನ ಮಾವನಿಗೆ ಅರ್ಪಣೆ ಅಂತ," ಎಂದೆ. ಅವರು ಪ್ರದರ್ಶನಕ್ಕೆ ಸಂಘದ ಸಭಾಂಗಣವನ್ನು ಪುಕ್ಕಟೆಯಾಗಿ ಕೊಡಲು ಒಪ್ಪಿದರು.

ಊರ ಹೊರಗಿನ ಒಂದು ತೋಟದ ಹಿಂದಿನ ಪಾಳುಬಿದ್ದ ಕಲ್ಲುಕೋರೆ ನಮ್ಮ ರಣರಂಗ. ಕೋವಿಗಳು ಬಡಗಿ ಮಾಡಿದ ಮರದವು. ಹೊಗೆಗೆ ಒದ್ದೆ ಗೋಣಿಚೀಲ ಸುಟ್ಟೆವು. ಸೈನಿಕರು ರಟ್ಟಿನ ಡಬ್ಬಿ ಕಾರ್ಖಾನೆಯ ಕೆಲಸಗಾರರು, ಭಾನುವಾರ ಮಾತ್ರ ಸಿಗುತ್ತಿದ್ದರು. ಉಳಿದದ್ದು ಉಡುಪು. ಎರಡು ಸೈನ್ಯಕ್ಕೆ ನಲವತ್ತನಾಲ್ಕು ಜೊತೆ ಬಾಡಿಗೆಗೆ ತರುವ ತಾಕತ್ತು ನನಗಿರಲಿಲ್ಲ. ಮಾವನ ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತೆ.

ಮಾವ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದ. "ಎರಡು ಸೈನ್ಯಾನೂ ಒಂದೇ ಚಿತ್ರದಲ್ಲಿ ಒಟ್ಟಿಗೆ ಕಾಣ್ಬೇಕಾ?"

"ಬೇಡ. ಈ ಕಡೆಯವರನ್ನ ಒಂದ್ಸಲ, ಆ ಕಡೆಯವರನ್ನ ಒಂದ್ಸಲ ತೆಗೆದು ಜೋಡಿಸ್ತೀನಿ."

"ಹಾಗಾದ್ರೆ ಇಪ್ಪತ್ತೆರಡು ಸಾಕು. ಎರಡು ಮೈ ಇರೋ ಕೋಟು ಹೊಲೀತೀನಿ. ಒಂದು ಕಡೆ ಹಸಿರು, ಇನ್ನೊಂದು ಕಡೆ ಬೂದಿ. ಮಗುಚಿ ಹಾಕ್ಕೊಂಡ್ರೆ ಆಯ್ತು."

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಸಾಮಾನ್ಯ ಕೋಟಿನ ಒಳಗೆ ಹೊಲಿಗೆಯ ಅಂಚು, ದಾರದ ತುದಿ, ಜೇಬಿನ ಚೀಲ ಎಲ್ಲ ಬಚ್ಚಿಟ್ಟಿರುತ್ತಾರೆ. ಈ ಕೋಟಿಗೆ ಬಚ್ಚಿಡಲು ಒಳಗು ಅನ್ನುವುದೇ ಇಲ್ಲ. ಮಾವ ಪ್ರತಿ ಅಂಚನ್ನೂ ಮಡಚಿ ಎರಡು ಬಾರಿ ಹೊಲಿದ. ಗುಂಡಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು, ಬಟ್ಟೆಯ ಎರಡೂ ಬದಿಗೆ ಒಂದೇ ದಾರದಲ್ಲಿ ಕೂರಿಸಿದ. ಗಿರಾಕಿಗಳ ಕೆಲಸ ಮುಗಿಸಿ ದಿನಕ್ಕೆ ಅರ್ಧ ಕೋಟು. ಒಂದೂವರೆ ತಿಂಗಳು ಹಿಡಿಯಿತು. ಕೂಲಿಯ ಮಾತೆತ್ತಿದಾಗ ಅವನು ಕೈ ಅಡ್ಡ ಆಡಿಸಿದ.

"ದುಡ್ಡು ಬೇಡ. ಸಿನಿಮಾ ಮುಗಿದ ಮೇಲೆ ಕೆಳಗಿಂದ ಮೇಲಕ್ಕೆ ಹೆಸರು ಹೋಗ್ತವಲ್ಲ, ಅಲ್ಲಿ ನಂದೊಂದು ಹಾಕು. ಟೈಲರ್ ಅಂತ ಹಾಕು. ಬೇರೆ ಏನೂ ಹಾಕ್ಬೇಡ."

ಅತ್ತೆ ಅಲ್ಲೇ ಗುಂಡಿ ಕಾಜಾ ಮಾಡುತ್ತಾ ಕೂತಿದ್ದಳು. "ಮೂವತ್ತು ವರ್ಷದಿಂದ ಊರಿನವರ ಮೈಮೇಲೆಲ್ಲ ಇವರ ಕೆಲಸ ಇದೆ, ಒಂದರ ಮೇಲಾದ್ರೂ ಇವರ ಹೆಸರಿದೆಯಾ? ಮರೀಬೇಡ ಕಣೋ," ಎಂದಳು. "ಮರೆಯೋದಾ! ನಾನು ಅಂಥವನಾ ಅತ್ತೆ?" ಎಂದು ಹೇಳಿದವನು ನಾನೇ.

ಚಿತ್ರೀಕರಣ ಶುರುವಾಯಿತು. ಮಾವ ಪ್ರತಿ ಭಾನುವಾರ ಸೂಜಿದಾರದ ಚೀಲ ಹಿಡಿದು ಕುಂಟುತ್ತಾ ಕೋರೆಗೆ ಬರುತ್ತಿದ್ದ. ಒಂದು ಬಂಡೆಯ ಮರೆಯಲ್ಲಿ ನಿಂತು ಇಪ್ಪತ್ತೆರಡು ಜನರ ಕೋಟನ್ನೂ ತಾನೇ ಮಗುಚಿಸಿ, ಕಾಲರ್ ತಿದ್ದಿ, ಒಬ್ಬೊಬ್ಬರನ್ನೇ ಎಣಿಸಿ ಬಿಡುತ್ತಿದ್ದ. ಹಸಿರು ಮೈಯ ಎಡ ಜೇಬಿನ ಮೇಲೆ ಪ್ರತಿಯೊಬ್ಬನ ನಿಜವಾದ ಹೆಸರನ್ನೂ ದಾರದಲ್ಲಿ ಹೊಲಿದಿದ್ದ.

"ಇದೇನು ಮಾವ, ಇಷ್ಟು ಸಣ್ಣ ಅಕ್ಷರ ಕ್ಯಾಮರಾಕ್ಕೆ ಕಾಣಲ್ಲ," ಎಂದು ರೇಗಿದೆ.

"ಕ್ಯಾಮರಾಕ್ಕಲ್ಲ. ಹಾಕ್ಕೊಳ್ಳೋನಿಗೆ."

ಹೌದು, ಹಾಕಿಕೊಂಡವರ ನಡಿಗೆಯೇ ಬದಲಾಗಿತ್ತು. ಕಾರ್ಖಾನೆಯಲ್ಲಿ ಅವರನ್ನು ನಂಬರಿನಿಂದ ಕರೆಯುತ್ತಿದ್ದರಂತೆ. ಇಲ್ಲಿ ಊಟದ ಹೊತ್ತಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಹೊಟ್ಟೆ ದಪ್ಪಗಿದ್ದ ಪ್ಯಾಕಿಂಗಿನವನೊಬ್ಬ, ಶತ್ರುವಾಗಿ ಸಾಯುವಾಗ ಕೂಡ ಒಳಗೆ ಎದೆಗೆ ತನ್ನ ಹೆಸರು ತಾಗುತ್ತದೆ ಎಂದು ಹೆಮ್ಮೆಪಡುತ್ತಿದ್ದ. ನಾನು ಅವರೆದುರು ದಿನಕ್ಕೆ ಹತ್ತು ಸಲ ಮಾವನ ಕಾಲನ್ನು ತೋರಿಸಿ, "ನೋಡ್ರೋ, ನಿಜವಾದ ಸೈನಿಕ ಅಂದ್ರೆ ಹೀಗಿರ್ತಾನೆ. ಹಾಗೆ ಮೈಗಳ್ಳರ ಹಾಗೆ ಓಡ್ಬೇಡಿ," ಎಂದು ಕೂಗುತ್ತಿದ್ದೆ. ಆಗೆಲ್ಲ ಮಾವ ಬಗ್ಗಿ ಚೀಲದಲ್ಲಿ ಏನೋ ಹುಡುಕುತ್ತಿದ್ದ. ಎಷ್ಟು ಸಂಕೋಚದ ಮನುಷ್ಯ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆರನೇ ಭಾನುವಾರ ಕಾರ್ಖಾನೆಯ ಕಾವಲುಗಾರ ಬಂದ. ಸೈನ್ಯದಿಂದ ನಿವೃತ್ತನಾದವನು, ಬಿಳಿ ಮೀಸೆಯ ಗಟ್ಟಿ ಆಳು. ಕೋವಿ ಹಿಡಿಯುವ ರೀತಿ ಹೇಳಿಕೊಡಲಿ ಎಂದು ನಾನೇ ಕರೆಸಿದ್ದೆ. ಬಂದವನು ಬಂಡೆಯ ಹತ್ತಿರ ಮಾವನನ್ನು ಕಂಡದ್ದೇ ತಡ, ಎರಡೂ ಕೈ ಮೇಲೆತ್ತಿ ಕೂಗಿದ.

"ಅರೆ, ನಮ್ಮ ಟೈಲರ್! ನೀನು ಇಲ್ಲಿದ್ದೀಯೇನಪ್ಪಾ!" ಓಡಿಬಂದು ಮಾವನನ್ನು ತಬ್ಬಿಕೊಂಡು ನಮ್ಮ ಕಡೆ ತಿರುಗಿದ. "ನಮ್ಮ ಇಡೀ ತುಕಡಿಗೆ ಪ್ಯಾಂಟು ಷರ್ಟು ಹೊಲಿದ ಪುಣ್ಯಾತ್ಮ ಇವನು! ನನಗೆ ಕೊಟ್ಟಿದ್ದ ಪ್ಯಾಂಟಲ್ಲಿ ಇಬ್ಬರು ಹಿಡೀತಿದ್ರು, ಇವನೇ ಸರಿ ಮಾಡಿಕೊಟ್ಟಿದ್ದು." ಮತ್ತೆ ಮಾವನ ಕಾಲು ನೋಡಿ ಧ್ವನಿ ತಗ್ಗಿಸಿದ. "ಅಯ್ಯೋ, ಇನ್ನೂ ಸರಿಹೋಗ್ಲಿಲ್ವಾ? ಅವತ್ತು ಬಟ್ಟೆ ಲಾರಿಯ ಹಿಂಬಾಗಿಲು ಬಿತ್ತಲ್ಲ, ನಾನೇ ಅಲ್ವಾ ನಿನ್ನ ಎತ್ತಿ ಕೂರಿಸಿದ್ದು. ಗಡಿಯಿಂದ ಅಷ್ಟು ದೂರದ ಉಗ್ರಾಣದಲ್ಲಿ ಕೂತು ಕಾಲು ಮುರ್ಕೊಂಡೆಯಲ್ಲ ಮಾರಾಯ!"

ಅವನಲ್ಲಿ ಕೆಟ್ಟದ್ದು ಲವಲೇಶವೂ ಇರಲಿಲ್ಲ. ಹಳೆಯ ಗೆಳೆಯ ಸಿಕ್ಕಿದ ಸಂತೋಷದಲ್ಲಿ ಬಾಯಿಬಿಟ್ಟ, ಅಷ್ಟೇ. ಇಪ್ಪತ್ತೆರಡು ಜನ ಹಸಿರು ಕೋಟಿನಲ್ಲಿ ನಿಂತು ಕೇಳಿದರು. ಆಮೇಲೆ ಹಿಂದಿನಿಂದ ಯಾರೋ, "ಹಾಗಾದ್ರೆ ಗುಂಡು ತಗಲ್ಲಿಲ್ವಾ, ಗುಂಡಿ ತಗಲಿದ್ದಾ?" ಎಂದ. ಎಲ್ಲರೂ ಗೊಳ್ಳೆಂದರು.

ಮಾವ ನನ್ನ ಕಡೆ ನೋಡಿದ. ಅವನ ಮುಖ ಕೆಂಪಾಗಿತ್ತು, ಆದರೆ ಕಣ್ಣಲ್ಲಿ ಏನೋ ಭಾರ ಇಳಿದ ಹಾಗಿತ್ತು. ಆಗ ನಾನೂ ಒಂದಿಷ್ಟು ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲಿ. ಅಧ್ಯಕ್ಷರಿಗೆ ಏನು ಹೇಳಲಿ, ಈ ಡಬ್ಬಿ ಕಾರ್ಖಾನೆಯವರೆದುರು ಹೇಗೆ ತಲೆಯೆತ್ತಲಿ ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

"ಇಷ್ಟು ವರ್ಷ ನಮ್ಮನ್ನೆಲ್ಲ ಮಂಗ ಮಾಡಿದ್ಯಲ್ಲ ಮಾವ," ಎಂದು ಎಲ್ಲರಿಗೂ ಕೇಳುವ ಹಾಗೆ ಕಿರುಚಿದೆ. "ಸೂಜಿ ಹಿಡ್ಕೊಂಡು ಮೂಲೇಲಿ ಕೂತಿದ್ದವನನ್ನ ನಂಬಿ ನಾನು ಯುದ್ಧದ ಸಿನಿಮಾ ತೆಗೀತಿದ್ದೀನಲ್ಲ, ನಂಗೆ ಬುದ್ಧಿ ಹೇಳ್ಬೇಕು! ಒಂದ್ಸಲನಾದ್ರೂ ಬಾಯಿಬಿಟ್ಟು ಇಲ್ಲ ಅನ್ನೋಕೆ ಏನಾಗಿತ್ತು ನಿನಗೆ?"

ನಗು ನಿಂತಿತು. ಕಾವಲುಗಾರ ಮೀಸೆ ಮುಟ್ಟಿಕೊಂಡು ನೆಲ ನೋಡಿದ. ಮಾವ ಮೆಲ್ಲಗೆ, "ಯಾರೂ ಕೇಳಲಿಲ್ಲ ಕಣೋ. ಎಲ್ಲರೂ ಹೇಳಿದ್ರು. ಅಪ್ಪ ಅಷ್ಟು ಜನರೆದುರು ಅಳ್ತಿದ್ದ, ನಾನು ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ಹೇಳೋಣ ಅಂದ್ಕೊಂಡೆ," ಎಂದ.

ನಾನು ಕ್ಯಾಮರಾದ ಕಡೆ ನಡೆದೆ. ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಅವಳು, "ಲಾರಿ ಬಾಗಿಲು ಬಿದ್ದರೆ ನೋಯಲ್ವೇನೋ?" ಎಂದು ಕೇಳಿ ಪಾತ್ರೆ ತೊಳೆಯಲು ಹೋದಳು. ಅವಳಿಗೆ ತಮ್ಮ ಬದುಕಿ ಬಂದದ್ದಷ್ಟೇ ಮುಖ್ಯವಾಗಿತ್ತು. ಇಷ್ಟು ವರ್ಷ ಬಾಂಬು ಬೇಕಾಗಿದ್ದದ್ದು ಯಾರಿಗೆ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಮುಂದಿನ ಭಾನುವಾರ ಮಾವ ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಬಂದಿದ್ದ. ಹರಿದ ಮೂರು ತೋಳುಗಳನ್ನು ರಾತ್ರಿಯೇ ಹೊಲಿದು, ಮಡಚಿ, ಚೀಲದಲ್ಲಿ ತಂದಿದ್ದ. ಟೀ ಕುಡಿಯುವಾಗ ನನ್ನ ಪಕ್ಕ ಬಂದು ಕೂತು, ಕೇಳದೇ ಇದ್ದರೂ, ತಾನಾಗಿ ಮಾತಾಡಿದ. ಅವನು ಅಷ್ಟು ಮಾತಾಡಿದ್ದು ನಾನು ಕಂಡಿದ್ದು ಅದೊಂದೇ ಸಲ.

"ಅಲ್ಲಿ ಷರ್ಟಿಗೆ ಹೆಸರಿನ ಬಟ್ಟೆಪಟ್ಟಿ ಹೊಲೀತಿದ್ದೋನು ನಾನೇ. ಎಡಗಡೆ ಜೇಬಿನ ಮೇಲೆ. ಹುಡುಗರು ಸಾಲಾಗಿ ನಿಂತು ಹೆಸರು ಹೇಳಿ ಹೊಲಿಸ್ಕೊಂಡು ಹೋಗೋರು. ಕೆಲವರು ವಾಪಸ್ ಬಂದಾಗ ಮುಖ ಗುರುತು ಹಿಡಿಯೋ ಹಾಗಿರಲಿಲ್ಲ. ಪಟ್ಟಿ ನೋಡಿ ಯಾರು ಅಂತ ಬರ್ಕೊಂಡು ಮನೆಗೆ ಕಳಿಸಿದ್ರು. ಒಬ್ಬನದು ಮಾತ್ರ ಪಟ್ಟಿ ಕಿತ್ತುಹೋಗಿತ್ತು. ನಾನು ಅವಸರದಲ್ಲಿ ಒಂದೇ ಎಳೆ ದಾರ ಹಾಕಿದ್ದೆ. ಅವತ್ತಿಂದ ಹೆಸರಿಗೆ ಎರಡೆಳೆ ಹಾಕ್ತೀನಿ."

ಈಗ ಅನ್ನಿಸುತ್ತದೆ, ನಾನು ಮರದ ಕೋವಿ, ಗೋಣಿಚೀಲದ ಹೊಗೆ ಇಟ್ಟುಕೊಂಡು ಒದ್ದಾಡುತ್ತಿದ್ದೆನಲ್ಲ, ತೆಗೆಯಬೇಕಾಗಿದ್ದ ಸಿನಿಮಾ ಆ ಟೀ ಲೋಟದ ಪಕ್ಕದಲ್ಲಿ ಕೂತಿತ್ತು. ಆಗ ನಾನು ಮಾಡಿದ್ದೇನು? ಆಕಾಶ ನೋಡಿ, "ಬಿಸಿಲು ಹೋಗ್ತಿದೆ, ಏಳಿ ಏಳಿ," ಎಂದು ಎದ್ದೆ. ಜೊತೆಗೆ ಇನ್ನೊಂದು ಮಾತು ಸೇರಿಸಿದೆ. "ಮಾವ, ಇವತ್ತು ನೀನು ಬಂಡೆ ಹತ್ರ ಬರ್ಬೇಡ. ನಿನ್ನ ಕಂಡ್ರೆ ಇವರಿಗೆ ನಗು ಬರತ್ತೆ. ಕೋಟು ಅವರೇ ಮಗುಚ್ಕೊಳ್ತಾರೆ." ಅವನು ತಲೆಯಾಡಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಟೀ ತಂದುಕೊಡುತ್ತಿದ್ದವನ ಪಕ್ಕದಲ್ಲೇ ಕೂತ.

ಅವತ್ತು ತೆಗೆದದ್ದು ಕೊನೆಯ ದಾಳಿ. ಹಸಿರು ಕೋಟಿನ ನಮ್ಮವರು ಇಪ್ಪತ್ತೆರಡು ಜನ ಕೋರೆಯ ಇಳಿಜಾರಿನಲ್ಲಿ ಕೂಗುತ್ತಾ ಓಡಿಬರಬೇಕು. ಇದ್ದ ಹೊಗೆಯೆಲ್ಲ ಒಂದೇ ಸಲಕ್ಕೆ. ಎರಡನೇ ಸಲಕ್ಕೆ ಚೀಲ ಇಲ್ಲ, ಬೆಳಕಿಲ್ಲ, ಇನ್ನೊಂದು ಭಾನುವಾರವೂ ಇಲ್ಲ. ಓಡಿದರು. ನನಗೆ ಕಣ್ಣು ತುಂಬಿ ಬಂತು. ಮನೆಗೆ ಬಂದು ದೊಡ್ಡ ಪರದೆಯ ಮೇಲೆ ಹಾಕಿ ನೋಡಿದರೆ, ನಮ್ಮ ಧೀರರ ಸಾಲಿನಲ್ಲಿ ಇಬ್ಬರು ಬೂದಿ ಕೋಟಿನಲ್ಲಿದ್ದಾರೆ! ಬೆಳಿಗ್ಗೆ ಶತ್ರುವಾಗಿ ಸತ್ತವರು ಮಗುಚಿಕೊಳ್ಳುವುದನ್ನೇ ಮರೆತಿದ್ದರು. ಎಣಿಸುವವನನ್ನು ನಾನೇ ದೂರ ಕೂರಿಸಿದ್ದೆ. ಎಲ್ಲಿ ಕತ್ತರಿಸಿದರೂ ಆ ಇಬ್ಬರಲ್ಲಿ ಒಬ್ಬ ಇಣುಕುತ್ತಿದ್ದ. ಹಾಗೇ ಬಿಟ್ಟೆ.

ಸಂಕಲನದ ಕೊನೆಗೆ ಬಂದೆ. ಮೊದಲಿನ ಅರ್ಪಣೆಯ ಬರಹ ತೆಗೆದುಹಾಕಿದೆ. ಅದು ಸರಿಯೇ, ಸುಳ್ಳಾಗಿತ್ತು. ಅಧ್ಯಕ್ಷರಿಗೆ ಫೋನ್ ಮಾಡಿ ಹೆದರುತ್ತಾ ಹೇಳಿದರೆ ಅವರು, "ಯಾವ ಬರಹ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಅಲ್ಲಿಗೆ ನನ್ನ ಭಯ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಕೊನೆಯ ಹೆಸರುಗಳ ಪಟ್ಟಿ ತೆರೆದಿಟ್ಟೆ. ಅದರಲ್ಲಿ ಟೈಲರ್ ಎಂದು ಬರೆದು ಮುಂದೆ ಮಾವನ ಹೆಸರು ಹಾಕಿದ್ದೆ. ನೋಡುತ್ತಾ ಕೂತಾಗ ಕಿವಿಯಲ್ಲಿ ಆ ನಗು ಕೇಳಿಸಿತು. ಸಭಾಂಗಣದಲ್ಲಿ ಕಾರ್ಖಾನೆಯವರು ಸಾಲಾಗಿ ಕೂತಿರುತ್ತಾರೆ, ಈ ಹೆಸರು ಬಂದ ಕೂಡಲೇ ಯಾರಾದರೂ ಮತ್ತೆ ಗುಂಡಿಯ ಮಾತು ತೆಗೆದರೆ? ಮಾವನಿಗೇ ಅವಮಾನ, ಅವನ ಮಾನ ಉಳಿಸುವುದು ನನ್ನ ಧರ್ಮ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಉಳಿಸಲು ಹೊರಟದ್ದು ನನ್ನ ಮಾನವನ್ನು. ಆ ಸಾಲಿನ ಮೇಲೆ ಬೆರಳಿಟ್ಟು ಅಳಿಸಿದೆ. ಮೇಲಿನ ಹೆಸರೂ ಕೆಳಗಿನ ಹೆಸರೂ ತಾವಾಗಿ ಹತ್ತಿರ ಬಂದು ಕೂತವು, ನಡುವೆ ಏನಾದರೂ ಇತ್ತು ಎಂದು ಗೊತ್ತೇ ಆಗುತ್ತಿರಲಿಲ್ಲ.

ಪ್ರದರ್ಶನದ ಸಂಜೆ ಮಾವ ಅತ್ತೆ ಎಲ್ಲರಿಗಿಂತ ಮೊದಲು ಬಂದರು. ಮಾವ ತಾನೇ ಹೊಲಿದ ಹೊಸ ಷರ್ಟು ಹಾಕಿದ್ದ, ನಾನು ಕಂಡ ಹಾಗೆ ಮೊದಲ ಬಾರಿಗೆ ಕೊರಳಲ್ಲಿ ಟೇಪು ಇರಲಿಲ್ಲ. ಅತ್ತೆ ಬೀಗದ ಕೈಯವನನ್ನೂ ಗಡಿಯಾರದವನನ್ನೂ ಅವರವರ ಹೆಂಡಂದಿರ ಸಮೇತ ಕರೆತಂದಿದ್ದಳು. "ಕೊನೇವರೆಗೂ ಯಾರೂ ಏಳ್ಬಾರ್ದು, ಇವರ ಹೆಸರು ಬರೋದು ಕೊನೇಲೇ," ಎಂದು ಅವರಿಗೆಲ್ಲ ಹೇಳುತ್ತಿದ್ದಳು. ಇವಳು ಇಷ್ಟು ಜನರನ್ನು ಕರೆತರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಇನ್ನೂ ಅರ್ಧ ಗಂಟೆ ಇತ್ತು. ಮನೆಗೆ ಓಡಿ ಸರಿಮಾಡಿ ತರಬಹುದಿತ್ತೋ ಏನೋ. ಅಧ್ಯಕ್ಷರು ಕೈಕುಲುಕಲು ಕರೆದರು, ಹೋದೆ.

ಸಿನಿಮಾ ಓಡಿತು. ಕೊನೆಯ ದಾಳಿಯಲ್ಲಿ ಇಬ್ಬರು ಶತ್ರುಗಳು ನಮ್ಮವರ ಹೆಗಲಿಗೆ ಹೆಗಲು ಕೊಟ್ಟು ಓಡಿಬಂದಾಗ ಇಡೀ ಸಭಾಂಗಣ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾವ ಒಬ್ಬ ನಗಲಿಲ್ಲ. ಮುಂದಕ್ಕೆ ಬಾಗಿ ಕೋಟುಗಳ ಕಾಲರ್ ನೋಡುತ್ತಿದ್ದ.

ಹೆಸರುಗಳು ಶುರುವಾದವು. ಜನ ಎದ್ದು ಕುರ್ಚಿ ಸರಿಸುತ್ತಿದ್ದರು. ಮಾವನ ಸಾಲು ಮಾತ್ರ ಕದಲಲಿಲ್ಲ. ನಾನು ಗೋಡೆಗೆ ಒರಗಿ ಪರದೆ ಬಿಟ್ಟು ಅವರ ಮುಖಗಳನ್ನೇ ನೋಡುತ್ತಿದ್ದೆ. ಟೀ ಕೊಟ್ಟವನ ಹೆಸರು ಹೋಯಿತು. ಕೋರೆಗೆ ದಾರಿ ಬಿಟ್ಟ ತೋಟದ ಯಜಮಾನನ ಹೆಸರು ಹೋಯಿತು. ಬ್ಯಾಟರಿ ಚಾರ್ಜ್ ಮಾಡಲು ಒಂದು ಸ್ವಿಚ್ಚು ಕೊಟ್ಟ ಬೇಕರಿಯ ಹೆಸರೂ ಹೋಯಿತು. ಬಿಳಿ ಅಕ್ಷರಗಳ ಬೆಳಕು ಮಾವನ ಮುಖದ ಮೇಲೆ ಹತ್ತುತ್ತಾ ಹೋಗುತ್ತಿತ್ತು. ಅವನು ಒಂದೊಂದು ಸಾಲನ್ನೂ ತುಟಿಯಲ್ಲೇ ಓದುತ್ತಿದ್ದ. ಪರದೆ ಕಪ್ಪಾಯಿತು. ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ದೀಪ ಹಾಕಿದರು.

ಹೊರಗೆ ಬಾಗಿಲಲ್ಲಿ ಅತ್ತೆ ಗೊಂದಲದ ಮುಖ ಮಾಡಿ ನಿಂತಿದ್ದಳು. "ರೀ, ನಿಮ್ಮ ಹೆಸರು ಬಂದಿದ್ದು ಯಾವಾಗ? ನನಗೆ ಕಾಣಲೇ ಇಲ್ವಲ್ಲ." ಬೀಗದ ಕೈಯವನೂ, "ನಂಗೂ ಸಿಗ್ಲಿಲ್ಲ," ಎಂದ.

ಮಾವ ನನ್ನ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಗಿದೆ ಎಂದು ನನಗೂ ಅರ್ಥವಾಯಿತು. ಅಲ್ಲಿ ಒಂದು ಕ್ಷಣ ಇತ್ತು. ಬರಲಿಲ್ಲ ಅತ್ತೆ, ನಾನೇ ತೆಗೆದೆ, ನನ್ನದು ತಪ್ಪಾಯಿತು ಎಂದು ಹೇಳಿಬಿಡಬಹುದಿತ್ತು. ಹತ್ತಿರದಲ್ಲಿ ಅಧ್ಯಕ್ಷರಿದ್ದರು, ಕಾವಲುಗಾರನಿದ್ದ. ಆಮೇಲೆ ಹೇಳೋಣ ಎಂದುಕೊಂಡೆ.

"ಬಂತಲ್ಲೇ," ಎಂದ ಮಾವ. "ನೀನು ಬಗ್ಗಿ ಚಪ್ಪಲಿ ಹುಡುಕ್ತಿದ್ದೆಯಲ್ಲ, ಆಗ ಬಂತು. ಇವರೂ ಆಗ ನಿನ್ನ ಕಡೆ ನೋಡ್ತಿದ್ರು."

"ಅಯ್ಯೋ ನನ್ನ ಹಣೆಬರಹ! ಚಪ್ಪಲಿ ಎಲ್ಲಿ ಓಡಿಹೋಗ್ತಿತ್ತು!" ಅತ್ತೆ ಹಣೆ ಹಣೆ ಬಡಿದುಕೊಂಡಳು. ಮತ್ತೆ ನನ್ನ ತೋಳು ಹಿಡಿದಳು. "ದೊಡ್ಡದಾಗಿ ಹಾಕಿದ್ದೆಯೇನೋ?"

"ದೊಡ್ಡದಾಗೇ ಹಾಕಿದ್ದೆ ಅತ್ತೆ," ಎಂದೆ.

ಮಾವ ಒಂದು ಹೆಜ್ಜೆ ಮುಂದೆ ಬಂದು ನನ್ನ ಕತ್ತಿನ ಹತ್ತಿರ ಕೈಹಾಕಿದ. ಮಡಚಿಕೊಂಡಿದ್ದ ಕಾಲರನ್ನು ಹೊರಗೆಳೆದು ನೇರ ಮಾಡಿ, ಹೆಗಲ ಮೇಲೆ ಒಮ್ಮೆ ತಟ್ಟಿದ. "ಹೋಗು, ಅಧ್ಯಕ್ಷರು ಕಾಯ್ತಿದ್ದಾರೆ," ಎಂದು ಹೇಳಿ ಕುಂಟುತ್ತಾ ಮೆಟ್ಟಿಲಿಳಿದ.

ಮಾರನೆಯ ದಿನ ಬೆಳಿಗ್ಗೆಯೇ ಕೂತು ಅವನ ಹೆಸರು ಸೇರಿಸಿದೆ. ಎಲ್ಲರಿಗಿಂತ ಮೇಲೆ, ಒಂಟಿಯಾಗಿ, ದೊಡ್ಡ ಅಕ್ಷರದಲ್ಲಿ. ಆದರೆ ಆ ಸಿನಿಮಾವನ್ನು ಮತ್ತೆ ನೋಡಬೇಕೆಂದು ಯಾರೂ ಕೇಳಲಿಲ್ಲ. ಅದು ನನ್ನ ಕಂಪ್ಯೂಟರಿನಲ್ಲಿ ಹಾಗೇ ಇದೆ. ಅಂಗಡಿಗೆ ಹೋಗಿ ತಪ್ಪೊಪ್ಪಿಕೊಳ್ಳಲು ಎಷ್ಟು ಸಲ ಮೆಟ್ಟಿಲು ಹತ್ತಿದೆನೋ. ಪ್ರತಿ ಸಲವೂ ಅತ್ತೆ ಇರುತ್ತಾಳೆ, ಇಲ್ಲವೇ ಗಿರಾಕಿ ಇರುತ್ತಾರೆ, ಇಲ್ಲವೇ ಮಾವನ ಬಾಯಲ್ಲಿ ಸೂಜಿ ಇರುತ್ತದೆ. ಹೊಲಿಯಲು ಏನಾದರೂ ಕೊಟ್ಟು ವಾಪಸ್ ಬರುತ್ತೇನೆ. ನನ್ನ ಬಳಿ ಈಗ ಬೇಕಾದ್ದಕ್ಕಿಂತ ಹೆಚ್ಚು ಷರ್ಟುಗಳಿವೆ.

ಮೊದಮೊದಲು ಅತ್ತೆ, ತಾನು ಬಗ್ಗಿದಾಗ ಹೆಸರು ಬಂದುಹೋಯಿತು ಎಂದು ಹೇಳಿಕೊಂಡು ಪೇಚಾಡುತ್ತಿದ್ದಳು. ಕೆಲವು ತಿಂಗಳಾದ ಮೇಲೆ, ಬಗ್ಗಿದ್ದರೂ ಓರೆಗಣ್ಣಲ್ಲಿ ಕಂಡಿತ್ತು ಎನ್ನತೊಡಗಿದಳು. ಹೋದ ವಾರ ಅಮ್ಮನ ಮನೆಗೆ ಎಲ್ಲರೂ ಊಟಕ್ಕೆ ಸೇರಿದ್ದೆವು. ಹೊಸದಾಗಿ ಬಂದ ಸೊಸೆಯೊಬ್ಬಳಿಗೆ ಅತ್ತೆ ಸಿನಿಮಾದ ವಿಷಯ ಹೇಳುತ್ತಿದ್ದಳು. "ಎಲ್ಲರ ಹೆಸರೂ ಬಿಳೀದು. ಇವರದೊಂದೇ ಹಸಿರು ಅಕ್ಷರ, ಆ ಕೋಟಿನ ಹಸಿರು. ಪರದೆ ತುಂಬ ಬಂತು. ನಾನೇ ಕಣ್ಣಾರೆ ನೋಡ್ದೆ."

ಮಾವ ತಟ್ಟೆಯ ಮೇಲೆ ಬಗ್ಗಿ ಉಣ್ಣುತ್ತಿದ್ದ, ಕೊರಳಲ್ಲಿ ಟೇಪು ತೂಗುತ್ತಿತ್ತು. ಆ ಸೊಸೆ ನನ್ನ ಕಡೆ ತಿರುಗಿ, "ಹೌದಾ? ನಿಜವಾಗ್ಲೂ ಹಸಿರು ಅಕ್ಷರದಲ್ಲಿ ಹಾಕಿದ್ರಾ?" ಎಂದು ಕೇಳಿದಳು.

ಅವಳು ಹೇಳಲಿಲ್ಲ, ಕೇಳಿದಳು. ಮಾವನ ಕೈ ತಟ್ಟೆಯಲ್ಲಿ ನಿಂತಿತು.

"ಹೌದು," ಎಂದೆ.